ಬೀದಿಗೆ ತೆರೆಯುವ ಬಾಗಿಲು

ಆ ಮನೆಯ ಮಹಡಿ ಮೆಟ್ಟಿಲು ಬೀದಿಗೆ ಇಳಿಯುವುದಿಲ್ಲ, ಕೆಳಗಿನವರ ನಡುಮನೆಗೆ ಇಳಿಯುತ್ತದೆ. ಕಟ್ಟಿಸಿದ ಪುಣ್ಯಾತ್ಮನಿಗೆ ಮುಂದೊಂದು ದಿನ ಮೇಲೆ ಬೇರೆ ಸಂಸಾರ ಇದ್ದೀತು ಎಂದು ಹೊಳೆಯಲಿಲ್ಲವೋ, ಹೊಳೆದರೂ ಇಟ್ಟಿಗೆ ಉಳಿಸಲು ಕಣ್ಣು ಮುಚ್ಚಿಕೊಂಡನೋ, ಅಂತೂ ಮೇಲಿನವರು ಹಾಲು ತರಬೇಕಾದರೂ ಕಸ ಚೆಲ್ಲಬೇಕಾದರೂ ಕೆಳಗಿನ ಸೋಫಾ, ಟಿವಿ, ಊಟದ ಮೇಜು ಇಷ್ಟನ್ನೂ ದಾಟಿಕೊಂಡೇ ಹೊರಬೀಳಬೇಕು. ಕೆಳಗಿರುವವರು ಅಕ್ಕ ಮತ್ತು ಭಾವ. ಮೇಲಿರುವವರು ಆ ಅಕ್ಕನ ತಮ್ಮ ಮತ್ತು ಅವನ ಹೆಂಡತಿ. ಈ ಕತೆ ಆ ಹೆಂಡತಿಯದು.

ಅವಳ ಕೆಲಸ ಹಲ್ಲು ಕಟ್ಟುವುದು. ದಂತವೈದ್ಯರು ಬೊಚ್ಚು ಬಾಯಿಗಳ ಅಚ್ಚು ತೆಗೆದು ಕಳಿಸಿದರೆ, ಲ್ಯಾಬಿನಲ್ಲಿ ಕೂತು ಗುಲಾಬಿ ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು, ಮೇಲಿನ ಕೆಳಗಿನ ಸಾಲಿನ ಕಚ್ಚು ಸರಿ ಬರುತ್ತದೋ ನೋಡಿ ಕೊಡುವವಳು. ಭಾವ ಅವಳನ್ನು ತಮಾಷೆಗೆ 'ಡಾಕ್ಟರಮ್ಮ' ಎಂದು ಕರೆಯತೊಡಗಿದರು. ಅದು ಮನೆಯಲ್ಲಿ ಅಂಟಿಕೊಂಡಿತು, ನಾವೂ ಹಾಗೇ ಕರೆಯೋಣ. ಅವಳು ಗಂಡನ ರೂಢಿಯಂತೆ ಅವರನ್ನು ಅಕ್ಕ, ಭಾವ ಎಂದೇ ಕರೆಯುತ್ತಿದ್ದಳು.

ಅಕ್ಕನೂ ಭಾವನೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೂಗಾಡಿ ಬಿಟ್ಟವರಲ್ಲ. ಅಕ್ಕ ನೆಟ್ಟು ನೀರೆರೆದ ಹಿತ್ತಲ ನಿಂಬೆಗಿಡವನ್ನು ಭಾವ ಕಾರು ನಿಲ್ಲಿಸಲು ಜಾಗ ಬೇಕೆಂದು ಒಂದು ಮಾತೂ ಕೇಳದೆ ಕಡಿಸಿದರು. ಅಕ್ಕ ಉಳಿದ ಬುಡ ನೋಡಿ, "ಇನ್ನು ನಿಮ್ಮ ಹತ್ರ ನಂಗೇನೂ ಮಾತಿಲ್ಲ" ಅಂದರು. ಸಿಟ್ಟಲ್ಲಿ ಹೀಗನ್ನುತ್ತಾಳೆ, ಸಂಜೆಗೆ ಸರಿಹೋಗುತ್ತಾಳೆ ಎಂದು ಭಾವ ಪೇಪರು ಓದುತ್ತ ಕೂತರು. ಅಕ್ಕ ಸರಿಹೋಗುವ ಪೈಕಿ ಅಲ್ಲ. ಆಮೇಲೆ ಭಾವನಿಗೂ ಹಟ ಹತ್ತಿತು. ಕಾರು ಹಳೆಯದಾಗಿ ಮಾರಿ ಹೋಯಿತು, ಮಾತು ಮಾತ್ರ ವಾಪಸು ಬರಲಿಲ್ಲ.

ಹಾಗೆಂದು ಸಂಸಾರ ನಿಲ್ಲುತ್ತದೆಯೇ? ಅದು ಡಾಕ್ಟರಮ್ಮನ ಮೂಲಕ ನಡೆಯುತ್ತಿತ್ತು. ಅವಳು ಮೆಟ್ಟಿಲ ಕೊನೆಗೆ ಕಾಲಿಟ್ಟ ಕೂಡಲೇ ಸೋಫಾದಿಂದ ಭಾವ, "ನಿಮ್ಮಕ್ಕಂಗೆ ಹೇಳಮ್ಮ, ನಾಳೆ ಬೆಳಿಗ್ಗೆ ಬೇಗ ಹೋಗ್ಬೇಕು" ಅನ್ನುತ್ತಿದ್ದರು. ಅಕ್ಕ ನಾಲ್ಕು ಹೆಜ್ಜೆ ಆಚೆ ಬಟ್ಟೆ ಮಡಿಸುತ್ತ, "ನಿಮ್ಮ ಭಾವಂಗೆ ಹೇಳು, ಶರ್ಟು ಇಸ್ತ್ರಿ ಆಗಿಲ್ಲ" ಅನ್ನುತ್ತಿದ್ದರು. ಅವಳು ಬಾಯಿ ಬಿಡಬೇಕಾಗಿಯೂ ಇರಲಿಲ್ಲ, ಸುಮ್ಮನೆ ಅಲ್ಲಿ ನಿಂತರೆ ಸಾಕು. ಒಮ್ಮೆ ಮೇಲಿನವರಿಬ್ಬರೂ ಮದುವೆಯೊಂದಕ್ಕೆಂದು ಕೆಲವು ದಿನ ಹೋಗಿ ಬರುವಷ್ಟರಲ್ಲಿ ಭಾವ ಬೇಕರಿ ಬನ್ನು ತಿಂದು ತಿಂದು ಹೊಟ್ಟೆ ಕೆಡಿಸಿಕೊಂಡಿದ್ದರು. ಅಡುಗೆ ಆಗಿತ್ತು, ದಿನವೂ ಆಗಿತ್ತು. ಆಗಿದೆ ಎಂದು ಹೇಳುವವರು ಇರಲಿಲ್ಲ.

ಮೊದಮೊದಲು ಅವಳಿಗೆ ಇದು ನಗುವಿನ ವಿಷಯವಾಗಿತ್ತು. ಲ್ಯಾಬಿನಲ್ಲಿ ಗೆಳತಿಯರಿಗೆ ಅಭಿನಯ ಮಾಡಿ ತೋರಿಸುತ್ತಿದ್ದಳು. ಬರಬರುತ್ತ ಮೆಟ್ಟಿಲಿಳಿಯುವ ಮುಂಚೆ ಮೇಲೆಯೇ ನಿಂತು ಕೆಳಗೆ ಯಾರಾದರೂ ಇದ್ದಾರೋ ಎಂದು ಕಿವಿಗೊಡುವ ಅಭ್ಯಾಸವಾಯಿತು. ತನ್ನ ಮನೆಯಿಂದ ತಾನೇ ಕಳ್ಳಿಯ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದ ದಿನ ಅವಳಿಗೆ ಅಳು ಬಂತು. ಬೈಯುವುದಾದರೂ ಯಾರನ್ನು? ಅಕ್ಕ ಒಂದು ದಿನವೂ ಬಾಡಿಗೆ ಕೇಳಿದವರಲ್ಲ. ಭಾವ ಅವಳು ಜ್ವರ ಬಂದು ಮಲಗಿದಾಗ ಆಸ್ಪತ್ರೆಗೆ ಹೊತ್ತುಕೊಂಡು ಓಡಿದವರು. ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು ಎಂದು ಅವಳು ಎಷ್ಟೋ ಸಲ ಅಂದುಕೊಂಡದ್ದುಂಟು.

ಹೀಗಿರುವಾಗ ಒಂದು ಮನೆ ಸಿಕ್ಕಿತು. ಓಣಿಯೊಂದರ ತುದಿಯಲ್ಲಿ ಎರಡು ಕೋಣೆಯ ಪುಟ್ಟ ಮನೆ. ಡ್ರೈವಿಂಗ್ ಸ್ಕೂಲ್ ನಡೆಸಿ ನಿವೃತ್ತರಾದ ಮೇಷ್ಟ್ರೊಬ್ಬರು ಅದನ್ನು ಮಾರಿ ಮಗಳಿರುವ ಊರಿಗೆ ಹೋಗುವವರಿದ್ದರು. ಅಡುಗೆಮನೆ ಇಕ್ಕಟ್ಟು, ಬಚ್ಚಲ ನಲ್ಲಿ ಸೋರುತ್ತಿತ್ತು, ಗೋಡೆಗೆ ಸುಣ್ಣ ಕಂಡು ಯುಗವಾಗಿತ್ತು. ಅವಳು ಅದ್ಯಾವುದನ್ನೂ ನೋಡಲಿಲ್ಲ. ಮುಂಬಾಗಿಲು ತೆಗೆದಳು, ಎದುರಿಗೆ ಬೀದಿ. ಹಾಕಿದಳು, ಮನೆ. ಮತ್ತೆ ತೆಗೆದಳು.

"ಬಾಗಿಲು ಗಟ್ಟಿಯಾಗಿದೆ ಅಮ್ಮ, ಅಷ್ಟೊಂದು ಪರೀಕ್ಷೆ ಬೇಡ" ಅಂದರು ಮೇಷ್ಟ್ರು.

ಜೊತೆಗಿದ್ದ ಬ್ರೋಕರು, ಕಾಗದಪತ್ರಕ್ಕೆ ತನ್ನ ಗುರುತಿನ ವಕೀಲರೊಬ್ಬರಿದ್ದಾರೆ, ಮಾರುವವರಿಗೂ ಕೊಳ್ಳುವವರಿಗೂ ಅವರೇ ಮಾಡಿಕೊಟ್ಟರೆ ಕೆಲಸ ಬೇಗ ಅಂದ. ಎರಡೂ ಕಡೆಯವರಿಗೆ ಒಬ್ಬನೇ ವಕೀಲನಾದರೆ ನಮ್ಮ ಪರ ಮಾತಾಡುವವರು ಯಾರು ಎಂದು ಡಾಕ್ಟರಮ್ಮ ಕೇಳಿದಳು. ಬ್ರೋಕರು ತಲೆ ಕೆರೆದುಕೊಂಡ. ಇಷ್ಟು ಚುರುಕಾಗಿ ಯೋಚಿಸಿದವಳು ಅದೇ ಸಂಜೆ ಎಡವಿದ್ದನ್ನು ನೆನೆದರೆ ನನಗೇ ಸಿಟ್ಟು ಬರುತ್ತದೆ.

ಯಾಕೆಂದರೆ ಭಾವನೂ ವಕೀಲರು. ಮನೆಯಲ್ಲೇ ವಕೀಲರಿರುವಾಗ ಬೇರೆ ವಕೀಲರ ಬಳಿ ಹೋದರೆ ಸಂಬಂಧಿಕರಲ್ಲಿ ಮುಖ ತೋರಿಸುವುದು ಹೇಗೆ ಎಂದ ಗಂಡ. ಭಾವ ಮಾಡುತ್ತಿದ್ದದ್ದು ಪೂರಾ ಆಕ್ಸಿಡೆಂಟ್ ಕೇಸುಗಳು. ಗುದ್ದಿದವರು, ಗುದ್ದಿಸಿಕೊಂಡವರು, ಅವರ ಇನ್ಶೂರೆನ್ಸು, ಇಷ್ಟೇ ಅವರ ಪ್ರಪಂಚ. ಅವಳು ಸಂಕೋಚದಿಂದಲೇ, "ಮನೆ ಕಾಗದ ನೋಡಿ ನಿಮಗೆ ಅಭ್ಯಾಸ ಇದೆಯಾ ಭಾವ?" ಎಂದು ಕೇಳಿದಳು.

"ಮನೆ ಏನು ಓಡಿಬಂದು ಗುದ್ದುತ್ತಾ ಡಾಕ್ಟರಮ್ಮ? ನಿಂತಲ್ಲೇ ನಿಂತಿರುತ್ತೆ. ಇದು ಸುಲಭ" ಎಂದು ಭಾವ ನಕ್ಕರು. ಎಲ್ಲರೂ ನಕ್ಕರು. "ಫೀಸು ಗೀಸು ಅಂತ ಬಾಯಿ ಬಿಟ್ರೆ ನೋಡು. ನಮ್ಮ ಹುಡುಗನ ಮನೆ ಇದು."

ಅಕ್ಕ ಅಡುಗೆಮನೆಯಿಂದ, "ಒಳ್ಳೇದಾಗ್ಲಿ" ಅಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಮೇಷ್ಟ್ರ ವಕೀಲರು ಅಗ್ರಿಮೆಂಟಿನ ಕರಡನ್ನೂ ಮನೆಯ ಹಳೆಯ ಪತ್ರಗಳ ನಕಲನ್ನೂ ಕಳಿಸಿಕೊಟ್ಟರು. ಅವನ್ನೆಲ್ಲ ಒಂದು ಹಸಿರು ಫೈಲಿನಲ್ಲಿಟ್ಟು, ಬಿಳಿ ದಾರ ಸುತ್ತಿ, ಭಾವ ಕಚೇರಿಯಿಂದ ಮನೆಗೇ ತಂದರು. ಫೈಲು ನಡುಮನೆಯಲ್ಲಿ ಟಿವಿಯ ಪಕ್ಕದ ಸ್ಟೂಲಿನ ಮೇಲೆ ಕೂತಿತು. ಹೋಗುತ್ತ ಬರುತ್ತ ಅದನ್ನು ಕಂಡಾಗಲೆಲ್ಲ ಅವಳ ಎದೆ ತುಂಬಿಬರುತ್ತಿತ್ತು. ಪಾಪ, ಹಗಲೆಲ್ಲ ಕೋರ್ಟಿನಲ್ಲಿ ದುಡಿದು ಮನೆಯಲ್ಲೂ ನಮ್ಮ ಕೆಲಸ ಮಾಡುತ್ತಿದ್ದಾರಲ್ಲ ಎಂದು ಒಮ್ಮೊಮ್ಮೆ ಅವರಿಗೆ ಟೀ ಮಾಡಿ ಕೊಟ್ಟು ಹೋಗುತ್ತಿದ್ದಳು.

ಆಮೇಲೆ ಕಾಯುವುದು ಶುರುವಾಯಿತು.

"ಎಲ್ಲಿಗೆ ಬಂತು ಭಾವ?" ಎಂದರೆ, "ಅವರ ಕಡೆಯಿಂದ ಉತ್ತರ ಬರ್ಬೇಕಮ್ಮ" ಎಂಬ ಜವಾಬು. "ಏನು ಕೇಳಿದ್ರಿ ಅವರನ್ನ?" ಎಂದರೆ, "ಅದೆಲ್ಲ ಲಾ ಪಾಯಿಂಟು. ನಿಂಗ್ಯಾಕೆ ತಲೆನೋವು?" ಸಾಮಾನ್ಯವಾಗಿ ಎಷ್ಟು ದಿನ ಹಿಡಿಯುತ್ತದೆ, ಮುಂಗಡ ಯಾವಾಗ ಕೊಡಬೇಕು, ಕೊಟ್ಟ ಮೇಲೆ ಅವರು ಮನಸ್ಸು ಬದಲಾಯಿಸಿದರೆ ಏನು ಗತಿ, ಯಾವ ಸಹಿ ಬಿದ್ದಮೇಲೆ ಮನೆ ನಮ್ಮದು ಅನ್ನಬಹುದು? ಮನೆ ಕೊಳ್ಳುವ ಯಾರ ಹೊಟ್ಟೆಯಲ್ಲೂ ಇರುವ ಪ್ರಶ್ನೆಗಳೇ ಇವು. ಬೇರೆ ವಕೀಲರಾಗಿದ್ದರೆ ಮೇಜಿನ ಈಚೆ ಕೂತು ಧೈರ್ಯವಾಗಿ ಕೇಳಬಹುದಿತ್ತು. ಇಲ್ಲಿ ಮೇಜೇ ಇರಲಿಲ್ಲ. ಫೀಸು ತೆಗೆದುಕೊಳ್ಳದ ಮನುಷ್ಯನನ್ನು ಎರಡನೇ ಸಲ ಕೇಳಿದರೆ ಒತ್ತಾಯ, ಮೂರನೇ ಸಲ ಕೇಳಿದರೆ ಅಪನಂಬಿಕೆ. ಅವಳು "ನಿಧಾನವಾಗಿ ನೋಡಿ ಭಾವ, ಅವಸರ ಏನಿಲ್ಲ" ಎಂದು ಹೇಳಿ ಹತ್ತಿ ಹೋಗುತ್ತಿದ್ದಳು. ಅವಸರ ಇಲ್ಲ ಎಂಬ ಮಾತನ್ನು ಭಾವ ಎಷ್ಟು ಪ್ರೀತಿಯಿಂದ ಕೇಳಿಸಿಕೊಳ್ಳುತ್ತಿದ್ದರೆಂದು ಅವಳಿಗೆ ಆಗ ತಿಳಿಯಲಿಲ್ಲ.

ಗಂಡನ ಹತ್ತಿರ ಗೋಳು ಹೇಳಿಕೊಂಡರೆ ಅದು ಗೋಡೆಗೆ ಹೇಳಿದ ಹಾಗೆ. ಅವನು ಲಿಫ್ಟ್ ರಿಪೇರಿ ಮಾಡುವವನು. ನಡುಮಹಡಿಯಲ್ಲಿ ಸಿಕ್ಕಿಹಾಕಿಕೊಂಡವರು ಫೋನ್ ಮಾಡಿ ಕಿರುಚಿದರೆ ಸಮಾಧಾನ ಹೇಳಿ ಹೇಳಿ ಅವನ ದನಿಯೇ ಹಾಗಾಗಿಬಿಟ್ಟಿತ್ತು.

"ಗಾಬರಿ ಆಗ್ಬೇಡ. ಆಗುತ್ತೆ" ಅನ್ನುತ್ತಿದ್ದ.

"ಲಿಫ್ಟಲ್ಲಿ ಸಿಕ್ಕೊಂಡೋರು ನಿಮ್ಮನ್ನ ಮೊದಲು ಏನು ಕೇಳ್ತಾರೆ?"

"ಬಾಗಿಲು ಯಾವಾಗ ತೆಗೀತೀರಾ ಅಂತ."

"ನೀವೇನಂತೀರಿ?"

"ಇಲ್ಲೇ ಕೆಳಗಿದೀನಿ, ಈಗ ಬಂದೆ ಅಂತೀನಿ."

"ಆಗ ಎಲ್ಲಿರ್ತೀರಿ?"

ಅವನು ನಾಚಿಕೊಂಡು, "ಎಲ್ಲಾದ್ರೂ ಇರ್ತೀನಿ. ಒಮ್ಮೊಮ್ಮೆ ಊಟಕ್ಕೆ ಕೂತಿರ್ತೀನಿ" ಅಂದ.

ಅವಳು ಮಗ್ಗುಲು ಬದಲಿಸಿ ಮಲಗಿದಳು.

ಪರದೆಗೆ ಬಟ್ಟೆ ಎಷ್ಟು ಬೇಕೆಂದು ನೋಡುವ ನೆಪದಲ್ಲಿ ಅವಳು ಒಂದು ಮಧ್ಯಾಹ್ನ ಲ್ಯಾಬಿನಿಂದ ನೇರ ಓಣಿಯ ಮನೆಗೆ ಹೋದಳು. ನಿಜ ಹೇಳಬೇಕೆಂದರೆ ಆ ಬಾಗಿಲನ್ನು ಇನ್ನೊಮ್ಮೆ ತೆಗೆದು ಹಾಕಿ ಬರುವ ಆಸೆ. ಮೇಷ್ಟ್ರು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದರು. ಅವಳನ್ನು ಕಂಡು ಅವರ ಮುಖ ಅಷ್ಟೇನೂ ಅರಳಲಿಲ್ಲ.

"ನಿಮಗೆ ಮನೆ ಬೇಡ್ವೇನೋ ಅಂದ್ಕೊಂಡಿದ್ದೆ."

"ಬೇಡ್ವಾ? ಯಾಕೆ ಮೇಷ್ಟ್ರೇ? ನಿಮ್ಮ ವಕೀಲರ ಉತ್ತರಕ್ಕೇ ಕಾಯ್ತಾ ಇದೀವಿ."

ಮೇಷ್ಟ್ರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಕೇಳಿದ್ರೆ ತಾನೇ ಉತ್ತರ ಕೊಡೋದು? ನಮ್ಮ ವಕೀಲರು ಕರಡು ಕಳಿಸಿ ಎಷ್ಟು ಕಾಲವಾಯ್ತು. ನಿಮ್ಮ ಕಡೆಯಿಂದ ಒಂದು ಸಾಲು ಬಂದಿಲ್ಲ. ಇವರು ಫೋನ್ ಮಾಡಿದ್ರೆ, ಓದ್ತಾ ಇದೀನಿ ಅಂತಾರಂತೆ. ಅಮ್ಮ, ನಾನು ಮಗಳ ಊರಲ್ಲಿ ಒಂದು ಮನೆ ನೋಡಿಟ್ಟಿದೀನಿ. ಇದು ಮಾರಿದ್ರೇನೇ ಅದು. ಅವರು ಈ ತಿಂಗಳು ಮುಗಿಯೋವರೆಗೆ ಮಾತ್ರ ತಡೀತಾರೆ. ಬ್ರೋಕರು ಬೇರೆ ಒಬ್ಬರನ್ನ ಕರ್ಕೊಂಬಂದು ತೋರಿಸಿದಾನೆ. ನಾನಿನ್ನೂ ಹೂಂ ಅಂದಿಲ್ಲ."

"ಅನ್ಬೇಡಿ" ಅಂದಳು ಡಾಕ್ಟರಮ್ಮ. "ಒಂದು ವಾರ ಅನ್ಬೇಡಿ."

ಮೇಷ್ಟ್ರು ಅವಳ ಮುಖ ನೋಡಿದರು. "ವಾರ ಅಂದ್ರೆ ವಾರ" ಅಂದರು.

ಹೊರಗೆ ಬಂದು ಓಣಿಯಲ್ಲಿ ನಿಂತಳು. ಭಾವ ಸುಳ್ಳು ಹೇಳಿದರೇ? ಮರೆತರೇ? ಕೆಲಸ ಬಾರದೆ ಹೆದರಿ ಕೂತರೇ? ಯಾವುದಾದರೂ ಸರಿ, ಬಾಗಿಲು ಕೈತಪ್ಪುತ್ತಿತ್ತು. ಅವಳು ಮನೆಗೆ ಹೋಗಲಿಲ್ಲ. ಬಸ್ ಸ್ಟಾಪಿನ ಎದುರು ಔಷಧಿ ಅಂಗಡಿಯ ಮೇಲೆ ದಿನವೂ ಕಾಣುತ್ತಿದ್ದ ಒಂದು ವಕೀಲರ ಬೋರ್ಡು ನೆನಪಾಯಿತು. ಮನೆ, ನಿವೇಶನ ವ್ಯವಹಾರ ಮಾತ್ರ ಎಂದು ಅದರಲ್ಲಿ ಬರೆದಿತ್ತು. ಹತ್ತಿಯೇಬಿಟ್ಟಳು.

ಒಳಗೆ ಕೂತಿದ್ದವರು ನರೆಗೂದಲಿನ ಒಬ್ಬರು ಲಾಯರಮ್ಮ. ಕಿಟಕಿ ತುಂಬ ಫೈಲು, ಮೇಜಿನ ಮೇಲೆ ಅರ್ಧ ಕುಡಿದ ಟೀ, ಕಾಲಿಗೆ ಉಣ್ಣೆಯ ಸಾಕ್ಸು. ಡಾಕ್ಟರಮ್ಮ ಕುರ್ಚಿಯ ತುದಿಯಲ್ಲಿ ಕೂತು, ಇಷ್ಟು ದಿನ ನುಂಗಿದ್ದ ಪ್ರಶ್ನೆಗಳನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದಳು. ಲಾಯರಮ್ಮ ಅವನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಕೊಟ್ಟರು. ಒಂದಕ್ಕೂ 'ಲಾ ಪಾಯಿಂಟು' ಅನ್ನಲಿಲ್ಲ.

"ಕರಡಿದ್ದಾಗ ಏನು ಬೇಕಾದ್ರೂ ಕೇಳಬಹುದು, ತಿದ್ದಿಸಬಹುದು. ಸಹಿ ಬಿದ್ದ ಮೇಲೆ ಇಲ್ಲ."

"ಮೇಣದಲ್ಲಿದ್ದಾಗ ತಿದ್ದಬಹುದು, ಗಟ್ಟಿಯಾದ ಮೇಲೆ ಆಗಲ್ಲ" ಎಂದು ಇವಳು ತನ್ನಷ್ಟಕ್ಕೇ ಅಂದುಕೊಂಡಳು. ಜನ್ಮದಲ್ಲಿ ಮೊದಲ ಸಲ ಕಾನೂನು ಅರ್ಥವಾದಂತಿತ್ತು.

"ನಿಮ್ಮ ಬಾಗಿಲು ತೆರೆಯೋ ಆ ಓಣಿ ಯಾರದು?" ಎಂದು ಲಾಯರಮ್ಮ ಕೇಳಿದರು.

"ಯಾರದು ಅಂದ್ರೆ? ಓಣಿ ಓಣೀನೇ."

"ಊರಿನದಾದ್ರೆ ಸರಿ. ಪಕ್ಕದ ಮನೆಯವರ ಸ್ವಂತ ಜಾಗ ಆಗಿದ್ರೆ ನಾಳೆ ಅವರು ಗೇಟ್ ಹಾಕ್ಕೊಂಡ್ರೆ ನಿಮ್ಮ ಬಾಗಿಲು ಇದ್ದೂ ಇಲ್ಲದ ಹಾಗೆ. ಮೊದಲು ಕೇಳಬೇಕಾದ್ದು ಇದೇ."

ಡಾಕ್ಟರಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಮಧ್ಯದಲ್ಲಿ ವಕೀಲರನ್ನ ಬದಲಾಯಿಸಬಹುದಾ?"

"ಯಾವಾಗ ಬೇಕಾದ್ರೂ. ನೀವು ಒಂದು ಪತ್ರಕ್ಕೆ ಸಹಿ ಹಾಕಿ, ಅವರಿಂದ ಫೈಲು ತನ್ನಿ. ಅವರಿಗೆ ಬೇಜಾರಾಗಬಹುದು, ಆದ್ರೆ ತಡೆಯೋ ಹಾಗಿಲ್ಲ." ಲಾಯರಮ್ಮ ಕನ್ನಡಕ ತೆಗೆದರು. "ಎಲ್ಲರಿಗೂ ಕೇಳ್ತೀನಿ, ನಿಮಗೂ ಕೇಳ್ತೀನಿ. ನನ್ನ ಹತ್ರ ಯಾಕೆ ಬಂದ್ರಿ? ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನೀವು ನಮಗೆ ಏನೂ ಆಗ್ಬೇಕಿಲ್ಲ, ಅದಕ್ಕೇ ಬಂದೆ."

ಲಾಯರಮ್ಮ ಜೋರಾಗಿ ನಕ್ಕರು. ತಮ್ಮ ಫೀಸು ಎಷ್ಟು, ಯಾವುದಕ್ಕೆಲ್ಲ ಬೇರೆ ಖರ್ಚು ಬರುತ್ತದೆ ಎಂದು ಬಿಡಿಸಿ ಹೇಳಿದರು. ಅದನ್ನು ಕೇಳುವಾಗ ಅವಳಿಗೆ ಸಿಕ್ಕಿದ ಸುಖ ಹೇಳತೀರದು. ಕೊಟ್ಟು ಕೇಳುವುದಕ್ಕೂ ಬಿಟ್ಟಿ ಕೇಳುವುದಕ್ಕೂ ಇರುವ ವ್ಯತ್ಯಾಸ ಅವಳ ಬೆನ್ನಿಗೇ ಗೊತ್ತಾಯಿತು. ಕುರ್ಚಿಗೆ ಒರಗಿ ಕೂತಿದ್ದಳು.

ಆ ಸುಖ ಮನೆಯ ಮೆಟ್ಟಿಲು ಹತ್ತುವವರೆಗೆ ಮಾತ್ರ. ಗಂಡ ಕೇಳಿದ್ದೇ ತಡ ಎದ್ದು ನಿಂತ.

"ಭಾವನ ಕೈಯಿಂದ ಫೈಲು ಕಿತ್ಕೋಬೇಕಾ? ಅಕ್ಕ ನನ್ನ ಸಾಕಿದೋಳು ಕಣೆ. ಅವಳ ಮುಖ ಹೇಗೆ ನೋಡ್ಲಿ?"

"ಮೇಷ್ಟ್ರ ಮಾತು ನಂಬ್ತೀರೋ ಇಲ್ವೋ?"

"ನಂಬ್ತೀನಿ. ಭಾವ ಮರ್ತಿರ್ತಾರೆ. ನಾನು ನಿಧಾನಕ್ಕೆ ಹೇಳ್ತೀನಿ."

"ಯಾವಾಗ? ಊಟಕ್ಕೆ ಕೂತಿರ್ತೀರಲ್ಲ, ಆವಾಗ್ಲಾ?"

ಆಮೇಲೆ ಅವಳೇ ತಗ್ಗಿದ ದನಿಯಲ್ಲಿ ಅಂದಳು, "ನಿಮ್ಮಕ್ಕನ್ನ ಬಿಟ್ಟು ಹೋಗೋಣ ಅಂತಿಲ್ಲ. ಆ ನಡುಮನೆ ಬಿಟ್ಟು ಹೋಗೋಣ ಅಂತಿದೀನಿ. ನಾನಲ್ಲಿ ಮನುಷ್ಯಳಲ್ಲ ರೀ. ಇಬ್ಬರ ಮಧ್ಯೆ ಮಾತು ಹೊತ್ತು ನೇತಾಡೋ ಬುಟ್ಟಿ." ಹೇಳಿ ಮುಗಿಸುವ ಮೊದಲೇ ಅಳು ಬಂತು. ಗಂಡ ಅವಳ ಪಕ್ಕ ಕೂತ, ಕೈ ಹಿಡಿದುಕೊಂಡ. ಫೈಲು ತರುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಅವನ ಮೇಲೆ ಕೋಪಕ್ಕಿಂತ ಹೆಚ್ಚಾಗಿ ಅಯ್ಯೋ ಅನಿಸಿತು. ಅವನೂ ಅಡಕತ್ತರಿಯಲ್ಲೇ ಇದ್ದ.

ಮರುದಿನ ಭಾನುವಾರ. ಬೆಳಿಗ್ಗೆ ಅವಳು ಮೇಲೆ ನಿಂತು ಕಿವಿಗೊಡಲಿಲ್ಲ. ಚಪ್ಪಲಿ ಸದ್ದು ಮಾಡಿಕೊಂಡೇ ಇಳಿದಳು. ಭಾವ ಸೋಫಾದಲ್ಲಿ ಪೇಪರು ಹಿಡಿದಿದ್ದರು. ಅಕ್ಕ ಊಟದ ಮೇಜಿನಲ್ಲಿ ತರಕಾರಿ ಹೆಚ್ಚುತ್ತಿದ್ದರು.

"ಬಂದ್ಯಾ? ನಿಮ್ಮಕ್ಕಂಗೆ ಹೇಳಮ್ಮ, ಇನ್ನೊಂದು ಲೋಟ ಟೀ" ಅಂದರು ಭಾವ.

ಅವಳು ಉತ್ತರ ಕೊಡದೆ ಸ್ಟೂಲಿನ ಬಳಿ ಹೋಗಿ ಹಸಿರು ಫೈಲನ್ನು ಎತ್ತಿಕೊಂಡಳು. ಇಷ್ಟು ದಿನ ದೂರದಿಂದ ಕಂಡು ಸಮಾಧಾನಪಟ್ಟವಳು, ಕೈಗೆ ತೆಗೆದುಕೊಂಡದ್ದು ಇದೇ ಮೊದಲು. ಬಿಳಿ ದಾರದ ಗಂಟು ಮೊದಲ ದಿನ ಹಾಕಿದಂತೆಯೇ ಬಿಗಿಯಾಗಿತ್ತು. ದಾರದ ಮಡಿಕೆಯಲ್ಲಿ ಧೂಳು ಕೂತು ಕಪ್ಪು ಗೆರೆಯಾಗಿತ್ತು. ಬಿಚ್ಚಿದ್ದರೆ ಆ ಗೆರೆ ಮುರಿಯುತ್ತಿತ್ತು.

"ನೀವಿದನ್ನ ಓದೇ ಇಲ್ಲ ಭಾವ."

ಪೇಪರು ಕೆಳಗಿಳಿಯಿತು. ಕೋರ್ಟಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದ ಮನುಷ್ಯ ಅಂದು ತಡವರಿಸಿದರು. "ಕೆಲಸ ಜಾಸ್ತಿ ಇತ್ತಮ್ಮ. ಕೋರ್ಟು..."

"ಅವರ ಕಡೆಯಿಂದ ಉತ್ತರ ಬಂದಿಲ್ಲ ಅಂದ್ರಿ. ನೀವು ಕೇಳೇ ಇಲ್ಲ. ಮೇಷ್ಟ್ರು ಮನೇನ ಬೇರೆಯವರಿಗೆ ಕೊಟ್ಬಿಡ್ತಾರೆ. ಬರೋಲ್ಲ ಅಂತ ಮೊದಲೇ ಹೇಳಿದ್ರೆ ನಾವು ಬೇರೆಯವರ ಹತ್ರ ಹೋಗ್ತಿದ್ವಿ."

"ಬರೋಲ್ಲ ಅಂತಲ್ಲ" ಅಂದರು ಭಾವ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಪ್ರತಿದಿನ ಬಿಚ್ಚೋಣ ಅಂತ ಕೂತ್ಕೋತಿದ್ದೆ. ಬಿಚ್ಚಿದ್ರೆ ಕೆಲಸ ಮುಗಿದುಹೋಗುತ್ತೆ. ಮುಗಿದ್ರೆ ನೀವು ಹೋಗ್ತೀರಿ. ನೀನು ಹೋದ್ರೆ ಈ ಮನೇಲಿ ನಂಗೆ ಊಟಕ್ಕೆ ಬನ್ನಿ ಅನ್ನೋರು ಯಾರಮ್ಮ?"

ಭಾವನ ಕಣ್ಣು ಒದ್ದೆಯಾಗಿತ್ತು. ಅವಳಿಗೆ ಸಿಟ್ಟೂ ಕರುಣೆಯೂ ಒಟ್ಟಿಗೇ ಬಂದವು. ಅಕ್ಕ ಇದನ್ನು ಕೇಳಿ ಏನನ್ನುತ್ತಾರೋ, ಭಾವನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೋ ಎಂದು ತಿರುಗಿದಳು. ಅಕ್ಕ ಚಾಕು ಕೆಳಗಿಟ್ಟಿದ್ದರು.

"ನಿಮ್ಮ ಭಾವಂಗೆ ಹೇಳು" ಅಂದರು ಅಕ್ಕ, ತರಕಾರಿಯನ್ನೇ ನೋಡುತ್ತ. "ದಿನಾ ಆ ಸ್ಟೂಲು ಒರೆಸೋಳು ನಾನು. ಫೈಲು ಎತ್ತಿ, ಕೆಳಗೆ ಒರೆಸಿ, ಮತ್ತೆ ಇಡ್ತಿದ್ದೆ. ಬಿಚ್ಚಿಲ್ಲ ಅಂತ ನಂಗೂ ಗೊತ್ತಿತ್ತು. ನಾನೂ ಸುಮ್ಮನಿದ್ದೆ."

ಡಾಕ್ಟರಮ್ಮ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಇವರನ್ನು ನೋಡಿದಳು. ಈ ಇಬ್ಬರ ನಡುವೆ ಒಂದು ಮಾತಿಲ್ಲ, ಒಂದು ಸನ್ನೆಯಿಲ್ಲ, ಆದರೂ ಎಂಥ ಒಗ್ಗಟ್ಟು.

"ಇಷ್ಟು ವರ್ಷದಲ್ಲಿ ನೀವಿಬ್ರೂ ಸೇರ್ಕೊಂಡು ಮಾಡಿದ ಕೆಲಸ ಅಂದ್ರೆ ಇದೊಂದೇ" ಅಂದಳು. "ನನ್ನ ಕಟ್ಟಿಹಾಕಿದ್ದು."

ಭಾವ ಪೇಪರು ಮಡಿಸಿದರು, ಅಕ್ಕ ಚಾಕು ಎತ್ತಿಕೊಂಡರು. "ನಾನಿನ್ನು ಯಾರಿಗೂ ಏನೂ ಹೇಳೋದಿಲ್ಲ. ಟೀ ಬೇಕಾದ್ರೆ ಕೇಳ್ಕೊಳ್ಳಿ." ಫೈಲನ್ನು ಎದೆಗವಚಿಕೊಂಡು ಅವಳು ಹೊರಟಳು. ಹಿಂದೆ ಮೆಟ್ಟಿಲ ಸದ್ದಾಯಿತು. ಗಂಡ ಯಾವಾಗ ಇಳಿದು ಬಂದು ನಿಂತಿದ್ದನೋ, ಎಷ್ಟು ಕೇಳಿಸಿಕೊಂಡನೋ, ಅಕ್ಕನ ಮುಖವನ್ನೂ ಭಾವನ ಮುಖವನ್ನೂ ನೋಡದೆ ಅವಳಿಗಿಂತ ಮುಂದೆ ಹೋಗಿ ಬೀದಿ ಬಾಗಿಲು ತೆಗೆದು ಹಿಡಿದುಕೊಂಡ.

ಆಮೇಲಿನದೆಲ್ಲ ಬಿರುಸಾಗಿ ನಡೆಯಿತು. ಸೋಮವಾರ ಬೆಳಿಗ್ಗೆಯೇ ಲಾಯರಮ್ಮ ಗಂಟು ಬಿಚ್ಚಿದರು. ಗಂಡ ಹೆಂಡತಿ ಇಬ್ಬರ ಸಹಿಯನ್ನೂ ಹಾಕಿಸಿಕೊಂಡು, ಭಾವನಿಗೆ ಮರ್ಯಾದೆಯ ಒಂದು ಪತ್ರ ಬರೆದು, ಮೇಷ್ಟ್ರ ವಕೀಲರಿಗೆ ಕೇಳಬೇಕಾದ್ದನ್ನೆಲ್ಲ ಕೇಳಿದರು. ಹಿಂಗೋಡೆ ಯಾರದು, ಕೊಳವೆ ಯಾರ ಅಂಗಳದಲ್ಲಿ ಹೋಗುತ್ತದೆ, ಮನೆಯ ಮೇಲೆ ಸಾಲವಿದೆಯೇ, ಮೇಷ್ಟ್ರ ಹೊರತು ಬೇರೆ ಯಾರಿಗಾದರೂ ಅಲ್ಲಿ ಹಕ್ಕಿದೆಯೇ. ಓಣಿ ಊರಿನದೇ ಎಂದು ತಿಳಿದ ದಿನ ಡಾಕ್ಟರಮ್ಮ ಲ್ಯಾಬಿನಲ್ಲಿ ಯಾರದೋ ಮುಂದಿನ ಹಲ್ಲನ್ನು ಹಿಂದೆ ನೆಟ್ಟು, ಮೇಣ ಇನ್ನೂ ಮೆತ್ತಗಿದ್ದದ್ದರಿಂದ ಬಚಾವಾದಳು. ಮೇಷ್ಟ್ರು ಕೊಟ್ಟ ಮಾತು ತಪ್ಪಲಿಲ್ಲ. ತಿಂಗಳು ಮುಗಿಯುವ ಮೊದಲು ಅಗ್ರಿಮೆಂಟಿಗೆ ಸಹಿಗಳು ಬಿದ್ದವು. ಮುಂದಿನ ತಿಂಗಳು ಕ್ರಯಪತ್ರವೂ ಆಗಿ ಬೀಗದಕೈ ಇವರ ಕೈಗೆ ಬಂತು.

ಆ ದಿನಗಳಲ್ಲಿ ನಡುಮನೆ ದಾಟುವುದು ಮೊದಲಿಗಿಂತ ಕಷ್ಟವಾಗಿತ್ತು. ಈಗ ಯಾರೂ ಅವಳಿಗೆ ಏನೂ ಹೇಳುತ್ತಿರಲಿಲ್ಲ. ಭಾವ ಪೇಪರಿನ ಹಿಂದೆ, ಅಕ್ಕ ಅಡುಗೆಮನೆಯೊಳಗೆ. ಸಾಮಾನು ಸಾಗಿಸುವ ದಿನ ಅಕ್ಕ ಒಂದು ಬುತ್ತಿ ಕಟ್ಟಿ ತಮ್ಮನ ಕೈಗೆ ಕೊಟ್ಟರು, ಇವಳ ತಲೆ ಸವರಿದರು. ಭಾವ ಮಂಚದ ಒಂದು ಕಾಲು ಹಿಡಿದು ಲಾರಿಯವರೆಗೆ ಬಂದರು. ಇಷ್ಟಾದರೂ ಅವಳ ಎದೆಯೊಳಗಿನ ಕಲ್ಲು ಇಳಿಯಲಿಲ್ಲ. ತಾನು ಇಬ್ಬರು ವಯಸ್ಸಾದವರನ್ನು ಒಂದು ಕೋಣೆಯಲ್ಲಿ ಹಾಕಿ ಹೊರಗಿನಿಂದ ಚಿಲಕ ಹಾಕಿಕೊಂಡು ಬಂದೆನೇನೋ ಅನಿಸುತ್ತಿತ್ತು.

ಹೊಸ ಮನೆಯ ಮೊದಲ ಸಂಜೆ. ಗಂಡ ಸೋರುವ ನಲ್ಲಿಯ ಜೊತೆ ಗುದ್ದಾಡುತ್ತಿದ್ದ. ಅವಳು ಮುಂಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ಓಣಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ಈ ಮನೆಯ ಮೇಲೆ ಬೇರೆ ಯಾರ ಹಕ್ಕೂ ಇಲ್ಲ ಎಂದು ಲಾಯರಮ್ಮ ಬರೆದು ಕೊಟ್ಟಿದ್ದ ಮಾತನ್ನು ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡಳು. ಅಷ್ಟರಲ್ಲಿ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು. ಭಾವ.

"ಡಾಕ್ಟರಮ್ಮ" ಅಂದರು. ದನಿ ಕುಗ್ಗಿತ್ತು. "ಸೇರಿದ್ರಾ? ಎಲ್ಲ ಸರಿ ಇದೆಯಾ? ಒಂದು ಮಾತು. ನಿಮ್ಮಕ್ಕಂಗೆ ಒಂದು ಫೋನ್ ಮಾಡಿ ಹೇಳ್ತೀಯಾ, ನಂಗೆ ಹಸಿವಾಗಿದೆ ಅಂತ?"

"ಅಕ್ಕ ಎಲ್ಲಿದಾರೆ?"

"ಇಲ್ಲೇ. ಅಡುಗೆಮನೇಲಿ."

ಅವಳ ಹೆಬ್ಬೆರಳು ಆಗಲೇ ಅಕ್ಕನ ನಂಬರು ಹುಡುಕಲು ಹೊರಟಿತ್ತು. ಅದನ್ನು ಕಂಡು ಅವಳಿಗೇ ಹೆದರಿಕೆಯಾಯಿತು. ಎದುರಿಗೆ ಬೀದಿ, ಹಿಂದೆ ಸ್ವಂತ ಮನೆ, ಬಾಗಿಲು ತೆರೆದೇ ಇದೆ, ಆದರೂ ತಾನು ಇನ್ನೂ ಆ ಮೆಟ್ಟಿಲ ಕೊನೆಯಲ್ಲೇ ನಿಂತಿದ್ದೇನೆ. ಫೋನನ್ನು ಮತ್ತೆ ಕಿವಿಗಿಟ್ಟಳು.

"ನೀವೇ ಹೇಳಿ ಭಾವ."

"ನಾನಾ?"

"ನೀವೇ. ಎದ್ದು ಅಡುಗೆಮನೆ ಬಾಗಿಲಿಗೆ ಹೋಗಿ. ನಾನು ಫೋನ್ ಇಡೋಲ್ಲ, ಇಲ್ಲೇ ಇರ್ತೀನಿ."

ಕೊನೆಗೆ ಸೋಫಾ ಕಿರುಗುಟ್ಟಿತು. ನೆಲದ ಮೇಲೆ ಸ್ಲಿಪ್ಪರು ಎಳೆಯುವ ಸದ್ದು. ಅವಳಿಗೆ ಆ ನಡುಮನೆಯ ಒಂದೊಂದು ಹೆಜ್ಜೆಯೂ ಕಂಠಪಾಠ. ಸ್ಟೂಲು ದಾಟಿದರು, ಮೇಜು ದಾಟಿದರು, ನಿಂತರು. ಭಾವ ಕೆಮ್ಮಿದರು. ಪಾತ್ರೆಯ ಸದ್ದು ನಿಲ್ಲಲಿಲ್ಲ. ಮತ್ತೆ ಕೆಮ್ಮಿದರು. ಅವಳು ಸೆರಗನ್ನು ಮುಷ್ಟಿಯಲ್ಲಿ ಮುದುಡಿಕೊಂಡಳು. ಮೂರನೆಯ ಕೆಮ್ಮು ಬಂದಾಗ ಪಾತ್ರೆಯ ಸದ್ದು ನಿಂತಿತು.

"ಕೆಮ್ಮಿದ್ದು ಸಾಕು" ಎಂದು ದೂರದಲ್ಲಿ ಅಕ್ಕನ ದನಿ ಕೇಳಿಸಿತು. "ಏನು ಬೇಕು ಹೇಳಿ."

ಭಾವ ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಅವಳು ಫೋನ್ ಇಟ್ಟುಬಿಟ್ಟಳು. ಆ ಉತ್ತರ ಅವಳು ಕೇಳಬೇಕಾದ್ದಲ್ಲ.